ಡೌನ್ಸ್‌ವ್ಯೂ ವಿಮಾನ ಕಾರ್ಖಾನೆಯ ಕಥೆ ಡೌನ್ಸ್‌ವ್ಯೂನಲ್ಲೇ ಉಳಿಯಲಿ: ಟೊರೊಂಟೊ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಟೊರೊಂಟೊ ಮತ್ತು ಸುತ್ತಮುತ್ತಲ ಊರುಗಳ ಕನ್ನಡಿಗ ಬಂಧುಗಳಿಗೆ,

ನಮಸ್ಕಾರ.

ಡೌನ್ಸ್‌ವ್ಯೂ ವಿಮಾನ ನಿಲ್ದಾಣ 2024ರಲ್ಲಿ ಬಾಗಿಲು ಹಾಕಿದ್ದು ನಿಮಗೆಲ್ಲ ಗೊತ್ತೇ ಇದೆ. ಆ ದೊಡ್ಡ ಬಯಲಲ್ಲಿ ಇನ್ನು ಮನೆಗಳು, ಅಂಗಡಿಗಳು, ಶಾಲೆಗಳು, ಪಾರ್ಕುಗಳು ಬರಲಿವೆ. ನಮ್ಮವರಲ್ಲೂ ಎಷ್ಟೋ ಜನ ಅಲ್ಲಿ ಮನೆ ಕೊಳ್ಳುವ ಲೆಕ್ಕಾಚಾರದಲ್ಲಿದ್ದಾರೆ. ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತೂ ಇದೇ. ಸಬ್‌ವೇ ಹತ್ತಿರ, ಯಾರ್ಕ್ ಯೂನಿವರ್ಸಿಟಿ ಹತ್ತಿರ, ಹೈವೇ ಪಕ್ಕದಲ್ಲೇ. ಮನೆ ಎಲ್ಲರಿಗೂ ಬೇಕು. ಖಂಡಿತ ಕೊಳ್ಳಿ.

ನಾನು ಕೇಳುವುದು ಇನ್ನೊಂದು ವಿಷಯ. ಆ ನೆಲದ ಮೇಲೆ, ಡಿ ಹ್ಯಾವಿಲೆಂಡ್ ಕೆನಡಾ ಎಂಬ ಕಂಪನಿ ಶುರು ಮಾಡಿದ ಕಾರ್ಖಾನೆಯಲ್ಲಿ, ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ವಿಮಾನಗಳು ತಯಾರಾದವು. ಆ ಕಥೆಗೆ ಅದೇ ನೆಲದಲ್ಲಿ ಒಂದು ಗಟ್ಟಿ ಜಾಗ ಸಿಗಬೇಕು. ಅದಕ್ಕಾಗಿ ನೀವು ದನಿ ಎತ್ತಬೇಕು. "ಅದು ಇಂಗ್ಲಿಷರ ಕಂಪನಿ, ಕೆನಡಾದವರ ಇತಿಹಾಸ, ನಮಗೇನು ಸಂಬಂಧ?" ಅಂತ ಕೆಲವರು ಕೇಳುತ್ತಾರೆ. ಸಂಬಂಧ ಇದೆ, ಜಾಸ್ತಿಯೇ ಇದೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಜೆಫ್ರಿ ಡಿ ಹ್ಯಾವಿಲೆಂಡ್ 1920ರಲ್ಲಿ ಲಂಡನ್ ಹತ್ತಿರದ ಸ್ಟ್ಯಾಗ್ ಲೇನ್ ಎಂಬ ಕಡೆ ತಮ್ಮ ಹೆಸರಿನದೇ ವಿಮಾನ ಕಂಪನಿ ಶುರು ಮಾಡಿದರು. 1925ರಲ್ಲಿ ಅವರ 'ಮಾತ್' ಬಂತು. ಎರಡು ಸೀಟಿನ ಪುಟ್ಟ ವಿಮಾನ. ರೆಕ್ಕೆ ಹಿಂದಕ್ಕೆ ಮಡಚಿ ಸಣ್ಣ ಕೊಟ್ಟಿಗೆಯಲ್ಲೂ ನಿಲ್ಲಿಸಬಹುದಿತ್ತು. ಹಾರಾಟ ಕಲಿಯುವವರಿಗೆ, ಫ್ಲೈಯಿಂಗ್ ಕ್ಲಬ್‌ಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಬ್ರಿಟಿಷ್ ಸಾಮ್ರಾಜ್ಯದ ಮೂಲೆ ಮೂಲೆಗಳಿಂದ ಬೇಡಿಕೆ ಬಂತು. ಹಡಗಿನಲ್ಲಿ ಪೆಟ್ಟಿಗೆ ಕಳಿಸಿದರೆ ಮುಗಿಯುವ ವ್ಯಾಪಾರ ಅದಲ್ಲ. ಪೆಟ್ಟಿಗೆ ಒಡೆದು ಜೋಡಿಸುವವರು ಬೇಕು, ಕೆಟ್ಟರೆ ರಿಪೇರಿ ಮಾಡುವವರು ಬೇಕು, ಬಿಡಿಭಾಗ ಇಟ್ಟುಕೊಂಡವರು ಬೇಕು. ಹಾಗಾಗಿ ಕಂಪನಿ 1927ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಅಂಗಸಂಸ್ಥೆ ತೆರೆಯಿತು. 1928ರ ಮಾರ್ಚ್‌ನಲ್ಲಿ ಟೊರೊಂಟೊದಲ್ಲಿ ಇನ್ನೊಂದು. ಅದೇ ಡಿ ಹ್ಯಾವಿಲೆಂಡ್ ಕೆನಡಾ.

ಮೊದಲು ಅವರು ಇದ್ದದ್ದು ಮೌಂಟ್ ಡೆನಿಸ್ ಕಡೆಯ ಡಿ ಲೆಸೆಪ್ಸ್ ಫೀಲ್ಡ್‌ನಲ್ಲಿ. ಅದು ಒಂದು ತೋಟದ ಜಾಗ. ಲಂಡನ್‌ನಿಂದ ಬಂದ ಮಾತ್‌ಗಳನ್ನು ಜೋಡಿಸುವುದು, ಚಳಿಗಾಲಕ್ಕೆ ಸ್ಕೀ ಹಾಕುವುದು, ಕೆರೆಯ ಮೇಲೆ ಇಳಿಯಬೇಕಿದ್ದರೆ ಫ್ಲೋಟ್ ಹಾಕುವುದು, ಇದೇ ಕೆಲಸ. ಕಾಡಿನ ಬೆಂಕಿ ಕಾಯುವ ಒಂಟೇರಿಯೊ ಸರ್ಕಾರದ ವಿಮಾನ ಪಡೆ ಅವರ ಮೊದಮೊದಲ ಗಿರಾಕಿ. 1929ರಲ್ಲಿ ಉತ್ತರದ ಕಡೆ, ರೈಲು ಹಳಿಯ ಪಕ್ಕ, ಸುಮಾರು 70 ಎಕರೆ ಹೊಲ ಸಿಕ್ಕಿತು. ಅಲ್ಲಿ ಕಾರ್ಖಾನೆ ಎದ್ದಿತು. ಆ ಹೊಲವೇ ಡೌನ್ಸ್‌ವ್ಯೂ.

ಹತ್ತು ವರ್ಷ ಹಾಗೂ ಹೀಗೂ ನಡೆಯಿತು. ಮಹಾ ಆರ್ಥಿಕ ಕುಸಿತದ ಕಾಲ ಬೇರೆ. ಆಮೇಲೆ ಎರಡನೇ ಮಹಾಯುದ್ಧ ಬಂತು.

ಬ್ರಿಟನ್ ತನ್ನ ಪೈಲಟ್‌ಗಳಲ್ಲಿ ಬಹಳ ಜನರ ತರಬೇತಿಯನ್ನು ಕೆನಡಾಗೆ ವಹಿಸಿತು. ತರಬೇತಿಗೆ ಮಾತ್‌ನ ಮುಂದಿನ ರೂಪವಾದ ಟೈಗರ್ ಮಾತ್ ವಿಮಾನ ಬೇಕು. ಆದರೆ ಇಂಗ್ಲೆಂಡಿನ ಟೈಗರ್ ಮಾತ್‌ನ ಕಾಕ್‌ಪಿಟ್‌ಗೆ ಮುಚ್ಚಳವೇ ಇಲ್ಲ. ಜನವರಿಯಲ್ಲಿ ಇಲ್ಲಿ ಹಾಗೆ ಹಾರಿದರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಡೌನ್ಸ್‌ವ್ಯೂ ಎಂಜಿನಿಯರ್‌ಗಳು ಅದಕ್ಕೆ ಗಾಜಿನ ಮುಚ್ಚಳ ಹಾಕಿದರು, ಒಳಗೆ ಬಿಸಿಗಾಳಿ ಬರುವ ಹಾಗೆ ಮಾಡಿದರು, ಚಕ್ರಗಳಿಗೆ ಬ್ರೇಕ್ ಕೊಟ್ಟರು, ನೆಲ ಕೆರೆಯುತ್ತಿದ್ದ ಬಾಲದ ಕಂಬಿ ತೆಗೆದು ಅಲ್ಲೂ ಚಕ್ರ ಇಟ್ಟರು. ಹೀಗೆ 1,500ಕ್ಕೂ ಹೆಚ್ಚು ಟೈಗರ್ ಮಾತ್‌ಗಳು ತಯಾರಾದವು. ಲಂಡನ್‌ನ ನಕ್ಷೆಯನ್ನು ಕಣ್ಮುಚ್ಚಿ ನಕಲು ಮಾಡದೆ ಇಲ್ಲಿನ ಚಳಿ ನೋಡಿ ತಿದ್ದುವ ಅಭ್ಯಾಸ ಅವರಿಗೆ ಆಗಲೇ ಬಂದಿತ್ತು.

ಆಮೇಲೆ ಮಸ್ಕಿಟೊ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಆ ಕಾರ್ಖಾನೆಯ ಜನರ ಕೈಚಳಕ ಕಾಣುವುದು ಇಲ್ಲೇ. ಎರಡು ಎಂಜಿನ್‌ನ ಈ ಬಾಂಬರ್‌ನ ಒಡಲು ಪೂರ್ತಿ ಮರದ್ದು. ಹೊರಗೊಂದು ಬರ್ಚ್ ಪ್ಲೈವುಡ್ ಪದರ, ಒಳಗೊಂದು, ನಡುವೆ ಹಗುರವಾದ ಬಾಲ್ಸಾ ಮರ. ಮೂರನ್ನೂ ಅಚ್ಚಿನ ಮೇಲೆ ಬಗ್ಗಿಸಿ, ಅಂಟು ಹಚ್ಚಿ, ಪಟ್ಟಿ ಬಿಗಿದು ಒಣಗಲು ಬಿಡುತ್ತಿದ್ದರು. ಎಡದ ಅರ್ಧ ಒಂದು ಕಡೆ, ಬಲದ ಅರ್ಧ ಇನ್ನೊಂದು ಕಡೆ, ಅವರೆಕಾಯಿಯನ್ನು ಉದ್ದಕ್ಕೆ ಬಿಡಿಸಿ ಇಟ್ಟ ಹಾಗೆ. ಒಡಲು ಹೀಗೆ ತೆರೆದಿರುವಾಗಲೇ ಒಳಗಿನ ವೈರು, ಪೈಪು, ಕೇಬಲ್ ಜೋಡಿಸಿಬಿಡುತ್ತಿದ್ದರು. ಇಕ್ಕಟ್ಟಿನಲ್ಲಿ ತೂರಿಕೊಂಡು ಕೆಲಸ ಮಾಡುವ ಕಷ್ಟ ಇಲ್ಲ. ಆಮೇಲೆ ಎರಡೂ ಅರ್ಧ ಸೇರಿಸಿ ಅಂಟಿಸಿದರೆ ಒಡಲು ತಯಾರು. ಡೌನ್ಸ್‌ವ್ಯೂನ ಮೊದಲ ಮಸ್ಕಿಟೊ 1942ರಲ್ಲಿ ಹಾರಿತು. ಯುದ್ಧ ಮುಗಿಯುವ ಹೊತ್ತಿಗೆ 1,000ಕ್ಕೂ ಹೆಚ್ಚು ತಯಾರಾಗಿದ್ದವು. ಕೆಲಸಗಾರರ ಸಂಖ್ಯೆ ಒಂದು ಹಂತದಲ್ಲಿ 7,000 ದಾಟಿತ್ತು. ಅವರಲ್ಲಿ ಹೆಂಗಸರು ಬಹಳ ಜನ. ಅದಕ್ಕೆ ಮುಂಚೆ ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದಿದ್ದವರು ಅಂಟು, ಮರ, ವೈರಿನ ಕೆಲಸ ಕಲಿತು ಯುದ್ಧವಿಮಾನ ಕಟ್ಟಿದರು. ಅವರ ಹೆಸರು ಇವತ್ತು ಆ ಜಾಗದ ಯಾವ ಬೀದಿಗೆ ಇದೆ ಹೇಳಿ. ಕಂಪನಿ ನಡೆಸಿದ ಫಿಲ್ ಗ್ಯಾರಟ್ ಅವರ ಹೆಸರಲ್ಲಿ ಗ್ಯಾರಟ್ ಬುಲವಾರ್ಡ್ ಇದೆ. ಅವರು ಅದಕ್ಕೆ ಅರ್ಹರೇ. ಅಂಟು ಹಚ್ಚಿದ ಕೈಗಳಿಗೂ ಒಂದು ಬೀದಿ ಸಿಗಲಿ ಅಂತ ನನ್ನ ಆಸೆ.

ಈಗ ನಮ್ಮಂಥ ವಲಸೆಗಾರರು ಕಿವಿಗೊಟ್ಟು ಕೇಳಬೇಕಾದ ಭಾಗ.

1939ರಲ್ಲಿ ಜರ್ಮನಿ ಪೋಲೆಂಡನ್ನು ನುಂಗಿತು. ಅಲ್ಲಿನ ಪಿ.ಜೆಡ್.ಎಲ್. ಎಂಬ ವಿಮಾನ ಕಾರ್ಖಾನೆಯಲ್ಲಿ ಯುದ್ಧವಿಮಾನಗಳನ್ನು ವಿನ್ಯಾಸ ಮಾಡುತ್ತಿದ್ದ ವ್ಸೆವೊಲೊಡ್ ಯಾಕಿಮ್ಯುಕ್ ದೇಶ ಬಿಟ್ಟು ಬರಬೇಕಾಯಿತು. ಕೊನೆಗೆ ಸೇರಿದ್ದು ಡೌನ್ಸ್‌ವ್ಯೂಗೆ. ಯುದ್ಧ ಮುಗಿದ ಮೇಲೆ ಇಲ್ಲಿನವರು ಮೊದಲ ಸಲ ತಮ್ಮದೇ ಸ್ವಂತ ವಿಮಾನ ಮಾಡಲು ಹೊರಟಾಗ ಮುಖ್ಯ ವಿನ್ಯಾಸಕ ಅವರೇ. ಅದು ಚಿಪ್‌ಮಂಕ್, ತರಬೇತಿ ವಿಮಾನ. 1946ರ ಮೇ 22ರಂದು ಮೊದಲ ಬಾರಿಗೆ ಹಾರಿತು. ಬ್ರಿಟನ್ನಿನ ವಾಯುಪಡೆಗೆ ಅದು ಎಷ್ಟು ಹಿಡಿಸಿತೆಂದರೆ ತಾಯಿ ಕಂಪನಿಯೇ ಇಂಗ್ಲೆಂಡಿನಲ್ಲಿ ಸುಮಾರು 1,000 ಚಿಪ್‌ಮಂಕ್ ತಯಾರಿಸಿತು. ಹದಿನೆಂಟು ವರ್ಷದ ಹಿಂದೆ ಲಂಡನ್‌ನ ಸರಕು ಜೋಡಿಸಿ ಮಾರಲು ತೆರೆದ ಅಂಗಸಂಸ್ಥೆ ಅದು. ಈಗ ಅದರ ನಕ್ಷೆ ನೋಡಿ ಇಂಗ್ಲೆಂಡಿನವರು ವಿಮಾನ ಕಟ್ಟುತ್ತಿದ್ದಾರೆ. ಆ ನಕ್ಷೆ ಬರೆದ ತಂಡದ ಮುಂದಾಳು ಮನೆಮಠ ಕಳೆದುಕೊಂಡು ಬಂದ ಒಬ್ಬ ಪೋಲಿಷ್ ಎಂಜಿನಿಯರ್. ಬೇರೆ ದೇಶದಿಂದ ಬಂದು, ಇಲ್ಲಿನ ಕೆಲಸಕ್ಕೆ ತಲೆ ಕೊಟ್ಟು, ಇಲ್ಲಿನ ಕಥೆಯ ಭಾಗವೇ ಆಗುವುದು ಅಂದರೆ ಇದೇ ಅಲ್ವಾ? ನಮ್ಮ ಮಕ್ಕಳಿಗೆ ಈ ಕಥೆ ಯಾರು ಹೇಳುತ್ತಾರೆ?

ಚಿಪ್‌ಮಂಕ್ ಆದ ಮೇಲೆ ಬೀವರ್. ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಕೆನಡಾದ ಉತ್ತರ ಭಾಗಕ್ಕೆ ಆಗ ರಸ್ತೆಯಿಲ್ಲ. ಕಾಡು, ಕೆರೆ, ಹಿಮ. ಅಲ್ಲಿಗೆ ಔಷಧ, ಅಂಚೆ, ಗಣಿಯ ಸಾಮಾನು, ರೋಗಿಗಳು ಎಲ್ಲ ಪುಟ್ಟ ವಿಮಾನಗಳಲ್ಲೇ ಓಡಾಡಬೇಕು. ಅದನ್ನು ನಡೆಸುವವರು ಬುಷ್ ಪೈಲಟ್‌ಗಳು. ಅವರ ಪೈಕಿ ಹೆಸರುವಾಸಿಯಾದ ಪಂಚ್ ಡಿಕಿನ್ಸ್ ಈ ಕಂಪನಿಯ ಮಾರಾಟ ವಿಭಾಗಕ್ಕೆ ಬಂದಿದ್ದರು. ಹೊಸ ವಿಮಾನದ ನಕ್ಷೆ ಪಕ್ಕಾ ಆಗುವ ಮೊದಲೇ ಅವರು ಉಳಿದ ಪೈಲಟ್‌ಗಳನ್ನು ಕೇಳಿದರು: ನಿಮಗೆ ಏನು ಬೇಕು? ಉತ್ತರಗಳು ಒಂದೇ ಥರ ಇದ್ದವು. ಚಿಕ್ಕ ಜಾಗದಲ್ಲಿ ಏರಬೇಕು, ಇಳಿಯಬೇಕು. ಚಕ್ರ, ಸ್ಕೀ, ಫ್ಲೋಟ್ ಮೂರೂ ಹಾಕಲು ಬರಬೇಕು. ಶಕ್ತಿ ಜಾಸ್ತಿ ಬೇಕು. ಹಾಗೆ ಮಾಡಿದರೆ ವೇಗ ಕಡಿಮೆಯಾಗುತ್ತೆ ಅಂತ ಎಂಜಿನಿಯರ್‌ಗಳು ಹೇಳಿದಾಗ, ನಾಯಿ ಎಳೆಯುವ ಬಂಡಿಗಿಂತ ಜೋರಾಗಿ ಹೋದರೆ ಸಾಕು ಅಂದನಂತೆ ಒಬ್ಬ ಪೈಲಟ್.

ಬೀವರ್ ಪಕ್ಕ ನಿಂತು ನೋಡಿದರೆ ಆ ಉತ್ತರಗಳೆಲ್ಲ ಕಣ್ಣಿಗೆ ಕಾಣುತ್ತವೆ. ಬಾಗಿಲು ಎರಡೂ ಕಡೆ ಇದೆ, ಯಾಕೆಂದರೆ ಕೆರೆಯ ದಂಡೆಯ ಕಟ್ಟೆ ಯಾವ ಪಕ್ಕಕ್ಕೆ ಸಿಗುತ್ತೋ ಗೊತ್ತಿಲ್ಲ. ಬಾಗಿಲ ಅಗಲ ಎಷ್ಟೆಂದರೆ ಪೆಟ್ರೋಲಿನ 45 ಗ್ಯಾಲನ್ ಡ್ರಮ್ಮನ್ನು ಉರುಳಿಸಿಯೇ ಒಳಗೆ ಹಾಕಬಹುದು. ಇಂಧನದ ಟ್ಯಾಂಕುಗಳು ಹೊಟ್ಟೆಯ ಕೆಳಗಿವೆ. ತುಂಬಿಸುವ ಬಾಯಿ ಬಾಗಿಲ ಹತ್ತಿರವೇ. ಹಿಮ ಕಟ್ಟಿದ ರೆಕ್ಕೆಯ ಮೇಲೆ ಹತ್ತಿ ಜಾರಿ ಬೀಳುವ ಭಯವಿಲ್ಲ, ಫ್ಲೋಟ್ ಮೇಲೆ ನಿಂತುಕೊಂಡೇ ತುಂಬಿಸಬಹುದು. ಎಂಜಿನ್ ಆಯಿಲ್ ಹಾಕುವ ಬಾಯಿಯಂತೂ ಕಾಕ್‌ಪಿಟ್‌ನ ಒಳಗೇ ಇದೆ. ಪೈಲಟ್ ಹಾರುತ್ತಿರುವಾಗಲೇ ಡಬ್ಬದಿಂದ ಆಯಿಲ್ ಸುರಿಯಬಹುದು. ಇಂಥವು ಯಾವ ಆಫೀಸಿನಲ್ಲಿ ಕೂತು ಹೊಳೆಯುವ ವಿಚಾರ ಅಲ್ಲ. ಮೈನಸ್ ನಲವತ್ತರಲ್ಲಿ ಬೆರಳು ಮರಗಟ್ಟಿದವರು ಹೇಳಿದ್ದು, ಇಲ್ಲಿನವರು ಕೇಳಿಸಿಕೊಂಡಿದ್ದು.

ಎಂಜಿನ್ ವಿಷಯದಲ್ಲೂ ಅಷ್ಟೇ. ಮೊದಲು ತಾಯಿ ಕಂಪನಿಯ ಜಿಪ್ಸಿ ಎಂಜಿನ್ ಕೂರಿಸುವುದು ಎಂದಿತ್ತು. ಅದರ ಶಕ್ತಿ ಸಾಲದು. ಅದನ್ನು ಬಿಟ್ಟು 450 ಅಶ್ವಶಕ್ತಿಯ ಅಮೆರಿಕನ್ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ಕೂರಿಸಿದರು. ಅಂಗಸಂಸ್ಥೆಯೊಂದು ತನ್ನ ಮನೆಯ ಎಂಜಿನ್ ಪಕ್ಕಕ್ಕಿಟ್ಟು ಹೊರಗಿನದನ್ನು ಆರಿಸಿದ್ದು ಸಣ್ಣ ಧೈರ್ಯವಲ್ಲ. ಬೀವರ್ ಗೆದ್ದದ್ದೇ ಅದರಿಂದ ಅಂತ ನಾನು ನಂಬುತ್ತೇನೆ.

1947ರ ಆಗಸ್ಟ್ 16ರಂದು, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಮರುದಿನ, ರಸ್ ಬ್ಯಾನಕ್ ಡೌನ್ಸ್‌ವ್ಯೂನಿಂದ ಮೊದಲ ಬೀವರ್ ಹಾರಿಸಿದರು. ಯುದ್ಧದಲ್ಲಿ ಮಸ್ಕಿಟೊ ಹಾರಿಸಿ ಹೆಸರು ಮಾಡಿದ್ದ ಪೈಲಟ್ ಅವರು. ಮುಂದೆ ಇದೇ ಕಂಪನಿಯ ಅಧ್ಯಕ್ಷರೂ ಆದರು. ನೂರು ತುಂಬಿದ ಮೇಲೆ 2020ರ ಜನವರಿಯಲ್ಲಿ ತೀರಿಕೊಂಡರು. 1967ರವರೆಗೆ 1,600ಕ್ಕೂ ಹೆಚ್ಚು ಬೀವರ್‌ಗಳು ತಯಾರಾದವು. ಅಮೆರಿಕದ ಸೈನ್ಯವೇ ಅರ್ಧಕ್ಕಿಂತ ಹೆಚ್ಚು ಕೊಂಡಿತು. ಎಷ್ಟೋ ಬೀವರ್‌ಗಳು ಇವತ್ತಿಗೂ ಹಾರುತ್ತಿವೆ. ಕೆನಡಾದ ಟಂಕಸಾಲೆ 1999ರಲ್ಲಿ ಒಂದು ಕ್ವಾರ್ಟರ್ ನಾಣ್ಯದ ಮೇಲೆ ಅದರ ಚಿತ್ರ ಹಾಕಿತು.

ಬೀವರ್‌ನ ದೊಡ್ಡಣ್ಣ ಆಟರ್ 1951ರ ಡಿಸೆಂಬರ್‌ನಲ್ಲಿ ಹಾರಿತು. ಇಲ್ಲಿಂದ ಕಥೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಭಾರತೀಯ ವಾಯುಪಡೆ ಆಟರ್‌ಗಳನ್ನು ಕೊಂಡಿತು. 41ನೇ ಸ್ಕ್ವಾಡ್ರನ್ ಇವತ್ತಿಗೂ 'ಆಟರ್ಸ್' ಎಂದೇ ಕರೆಸಿಕೊಳ್ಳುತ್ತದೆ. 1962ರ ಯುದ್ಧದ ನಂತರ ಇನ್ನೂ ದೊಡ್ಡದಾದ ಕ್ಯಾರಿಬೂ ಬಂತು. 33ನೇ ಸ್ಕ್ವಾಡ್ರನ್‌ನ ಹೆಸರು 'ಕ್ಯಾರಿಬೂಸ್'. ಈಶಾನ್ಯದ ಬೆಟ್ಟಗಳಲ್ಲಿ ಚಿಕ್ಕ ಚಿಕ್ಕ ರನ್‌ವೇಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಮುಟ್ಟಿಸಲು ಈ ವಿಮಾನಗಳು ಬೇಕಾಗಿದ್ದವು. 1971ರಲ್ಲಿ ಬಾಂಗ್ಲಾ ಮುಕ್ತಿ ಹೋರಾಟಗಾರರಿಗೆ ಭಾರತ ಕೊಟ್ಟ ಪುಟ್ಟ ವಾಯುದಳದಲ್ಲಿ ಒಂದು ಡಕೋಟ ಸಾಗಣೆ ವಿಮಾನ, ಒಂದು ಹೆಲಿಕಾಪ್ಟರ್, ಒಂದು ಆಟರ್ ಇದ್ದವು. ಡಿಸೆಂಬರ್ 3ರ ರಾತ್ರಿ ಆ ಆಟರ್ ಚಿತ್ತಗಾಂಗ್‌ನ ಎಣ್ಣೆ ಟ್ಯಾಂಕುಗಳ ಮೇಲೆ ರಾಕೆಟ್ ಹಾಕಿತು. ಕೆನಡಾದ ಕೆರೆಗಳಿಗಾಗಿ ಡೌನ್ಸ್‌ವ್ಯೂನಲ್ಲಿ ಹುಟ್ಟಿದ ವಿನ್ಯಾಸ ಅದು.

ಇನ್ನು ಇಂಗ್ಲೆಂಡಿನ ತಾಯಿ ಕಂಪನಿಯ ವ್ಯಾಂಪೈರ್ ಜೆಟ್‌ಗಳನ್ನು ಐವತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿತು. ಅಂದರೆ ಡೌನ್ಸ್‌ವ್ಯೂ ಮತ್ತು ಬೆಂಗಳೂರು ಎರಡೂ ಒಂದೇ ಕಂಪನಿಯ ನಕ್ಷೆಗಳನ್ನು ಹರಡಿಕೊಂಡು ಕೆಲಸ ಮಾಡಿದ ಊರುಗಳು. ನಿಮ್ಮಲ್ಲಿ ಕೆಲವರ ಅಪ್ಪ, ಮಾವ, ಅಜ್ಜ ಎಚ್‌ಎಎಲ್‌ನಲ್ಲಿ ದುಡಿದವರು. ಈ ಮಾತು ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತೆ. ಹುಬ್ಬಳ್ಳಿಗೋ ಬೆಳಗಾವಿಗೋ ಮಂಗಳೂರಿಗೋ ಸ್ಪೈಸ್‌ಜೆಟ್‌ನ ಕ್ಯೂ-400 ವಿಮಾನದಲ್ಲಿ ಹೋದವರು ನಿಮ್ಮಲ್ಲಿ ಎಷ್ಟು ಜನ ಇಲ್ಲ? ಆ ಎರಡು ಪಂಖಗಳ ವಿಮಾನ ಜೋಡಣೆಯಾಗಿದ್ದು ಇದೇ ಡೌನ್ಸ್‌ವ್ಯೂನಲ್ಲಿ. ಮಾಲ್ಡೀವ್ಸ್‌ಗೆ ಹೋದಾಗ ನೀರಿನ ಮೇಲೆ ಇಳಿಯುವ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಲ್ಲ, ಅದು ಟ್ವಿನ್ ಆಟರ್. 1965ರಲ್ಲಿ ಮೊದಲು ಹಾರಿದ್ದು, ಹುಟ್ಟೂರು ಡೌನ್ಸ್‌ವ್ಯೂ.

ಬಾಹ್ಯಾಕಾಶದ ಕಥೆಯೂ ಇಲ್ಲೇ ಇದೆ. ಕೆನಡಾದ ಮೊದಲ ಉಪಗ್ರಹ ಅಲುಯೆಟ್ 1962ರ ಸೆಪ್ಟೆಂಬರ್ 29ರಂದು ಉಡಾವಣೆಯಾಯಿತು. ಅದರ ಹೊರಕವಚ, ಕಕ್ಷೆ ಸೇರಿದ ಮೇಲೆ ಬಿಚ್ಚಿಕೊಳ್ಳುವ ಉದ್ದನೆಯ ಆಂಟೆನಾಗಳು ಎಲ್ಲ ಡಿ ಹ್ಯಾವಿಲೆಂಡ್ ಕೆನಡಾದ ವಿಶೇಷ ವಿಭಾಗದ ಕೆಲಸ. ಆ ವಿಭಾಗವೇ ಮುಂದೆ ಸ್ಪಾರ್ ಏರೋಸ್ಪೇಸ್ ಎಂಬ ಬೇರೆ ಕಂಪನಿಯಾಗಿ ಅಮೆರಿಕದ ಬಾಹ್ಯಾಕಾಶ ಶಟಲ್‌ಗೆ ಕೆನಡಾಆರ್ಮ್ ಎಂಬ ಯಂತ್ರದ ತೋಳು ಮಾಡಿಕೊಟ್ಟಿತು.

ಮಾಲೀಕರು ಮಾತ್ರ ಬದಲಾಗುತ್ತಲೇ ಹೋದರು. ಇಂಗ್ಲೆಂಡಿನ ತಾಯಿ ಕಂಪನಿ 1960ರಲ್ಲಿ ಹಾಕರ್ ಸಿಡ್ಲಿ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. 1974ರಲ್ಲಿ ಕೆನಡಾ ಸರ್ಕಾರ ಡೌನ್ಸ್‌ವ್ಯೂ ಕಂಪನಿಯನ್ನು ಕೊಂಡಿತು. 1986ರಲ್ಲಿ ಬೋಯಿಂಗ್‌ಗೆ ಮಾರಿತು. 1992ರಲ್ಲಿ ಬೊಂಬಾರ್ಡಿಯರ್ ಕಂಪನಿ ಬಂತು. 2018ರಲ್ಲಿ ಜಾಗವನ್ನು ಒಂದು ಪಿಂಚಣಿ ನಿಧಿ ಕೊಂಡಿತು. 2019ರಲ್ಲಿ ಕ್ಯೂ-400 ವಿಮಾನದ ವ್ಯವಹಾರ ಇನ್ನೊಂದು ಕಂಪನಿಯ ಕೈಸೇರಿತು. ಅವರು ಡಿ ಹ್ಯಾವಿಲೆಂಡ್ ಕೆನಡಾ ಎಂಬ ಹಳೆಯ ಹೆಸರನ್ನು ಮತ್ತೆ ತಂದರು, ಅದು ಸಂತೋಷದ ವಿಷಯ. ಆದರೆ ಅವರ ಹೊಸ ಕಾರ್ಖಾನೆಯ ಯೋಜನೆ ಇರುವುದು ಆಲ್ಬರ್ಟಾದಲ್ಲಿ, ಕ್ಯಾಲ್ಗರಿಯ ಪೂರ್ವಕ್ಕೆ.

ಹೀಗೆ ಒಂದೊಂದೇ ಹೊರಟುಹೋಯಿತು. ಮೊಟ್ಟಮೊದಲ ಬೀವರ್ ಇರುವುದು ಇಲ್ಲಿಂದ ಸುಮಾರು 700 ಕಿಲೋಮೀಟರ್ ದೂರದ ಸೂ ಸೇಂಟ್ ಮರೀಯಲ್ಲಿ. ಮಸ್ಕಿಟೊ ನೋಡಬೇಕಾದರೆ ಒಟ್ಟಾವಾದಂಥ ದೂರದ ಊರಿಗೆ ಹೋಗಬೇಕು. 1929ರ ಹಳೆ ಕಾರ್ಖಾನೆಯ ಕಟ್ಟಡದಲ್ಲಿ, ಕಾರ್ಲ್ ಹಾಲ್ ರಸ್ತೆಯಲ್ಲಿ, ಒಂದು ವಿಮಾನ ಸಂಗ್ರಹಾಲಯ ಇತ್ತು. ಬಾಡಿಗೆ ಬಾಕಿಯ ಕಾರಣಕ್ಕೆ 2011ರಲ್ಲಿ ಅದನ್ನು ಖಾಲಿ ಮಾಡಿಸಿದರು. ಆ ಜಾಗದಲ್ಲಿ ಐಸ್‌ಹಾಕಿ ಆಟದ ಕಟ್ಟಡ ಬರುವುದಿತ್ತು. ಪುಣ್ಯಕ್ಕೆ ಹಳೆ ಕಟ್ಟಡ ಉಳಿಯಿತು. 2019ರಿಂದ ಅಲ್ಲಿ ಸೆಂಟೆನಿಯಲ್ ಕಾಲೇಜಿನ ವಿಮಾನ ತಂತ್ರಜ್ಞಾನದ ತರಗತಿಗಳು ನಡೆಯುತ್ತಿವೆ. ವಿಮಾನ ಕಟ್ಟಿದ ಜಾಗದಲ್ಲೇ ಮಕ್ಕಳು ವಿಮಾನ ರಿಪೇರಿ ಕಲಿಯುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಬಳಕೆ ಇನ್ನೇನಿದೆ? ಆದರೆ ಅದು ಕಾಲೇಜು. ಭಾನುವಾರ ಸಂಜೆ ಮಗುವಿನ ಕೈ ಹಿಡಿದು ಹೋಗಿ "ನೋಡು, ಇದು ಹೀಗೆ ಆಯಿತು" ಅಂತ ತೋರಿಸುವ ಜಾಗ ಅದಲ್ಲ. ಬೆಂಗಳೂರಲ್ಲಿ ಹಳೆ ಏರ್‌ಪೋರ್ಟ್ ರಸ್ತೆಯ ಹತ್ತಿರ ಎಚ್‌ಎಎಲ್ ಸಂಗ್ರಹಾಲಯ ಇದೆ. ಎಚ್‌ಟಿ-2, ಮರುತ್ ವಿಮಾನಗಳನ್ನೆಲ್ಲ ಹತ್ತಿರದಿಂದ ನೋಡಬಹುದು. ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಟೊರೊಂಟೊದಂಥ ಊರಿಗೆ, ಅದರಲ್ಲೂ ಡೌನ್ಸ್‌ವ್ಯೂಗೆ, ಅಂಥ ಒಂದು ಜಾಗ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ.

ಹೊಸ ಬಡಾವಣೆ ಕಟ್ಟುವವರು ರನ್‌ವೇಯನ್ನು ಜನ ಓಡಾಡುವ ಉದ್ದನೆಯ ದಾರಿಯಾಗಿ ಉಳಿಸುತ್ತೇವೆ, ದೊಡ್ಡ ಹ್ಯಾಂಗರ್‌ಗಳನ್ನು ಮತ್ತೆ ಬಳಸುತ್ತೇವೆ ಎಂದಿದ್ದಾರೆ. ಮೆಚ್ಚಬೇಕಾದ ಮಾತು. ಆದರೆ ಹ್ಯಾಂಗರ್ ಉಳಿದು ಅದರೊಳಗೆ ಬರೀ ಕೆಫೆ, ಜಿಮ್, ಅಂಗಡಿ ತುಂಬಿಕೊಂಡರೆ ಉಳಿಯುವುದು ಗೋಡೆ ಮಾತ್ರ. ಯಾರು ಕಟ್ಟಿದರು, ಏನು ಕಟ್ಟಿದರು, ಹೇಗೆ ಕಟ್ಟಿದರು ಎಂಬುದು ಹೋಗಿಬಿಡುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಹ್ಯಾಂಗರ್‌ಗಳಲ್ಲಿ ಒಂದರ ಒಂದು ಭಾಗವನ್ನಾದರೂ ಕಾಯಂ ಸಂಗ್ರಹಾಲಯಕ್ಕೆ ಬಿಟ್ಟುಕೊಡಬೇಕು. ಬಾಡಿಗೆ ಕಟ್ಟಲಾಗದೆ ಮತ್ತೆ ಬೀದಿಗೆ ಬೀಳದ ಹಾಗೆ ಅದಕ್ಕೆ ನಗರಾಡಳಿತದ ಬೆಂಬಲ ಬೇಕು, ಇದು ಬರವಣಿಗೆಯಲ್ಲಿ ಇರಬೇಕು. ಅಲ್ಲಿ ಒಂದು ಬೀವರ್ ನಿಲ್ಲಲಿ, ಮಕ್ಕಳು ಬಾಗಿಲು ತೆಗೆದು ಒಳಗೆ ಕೂರುವ ಹಾಗೆ. ಹೊಸ ಬೀದಿಗಳಿಗೆ ಹೆಸರಿಡುವಾಗ ಮಸ್ಕಿಟೊ ಕಟ್ಟಿದ ಹೆಂಗಸರಿಗೂ ಯಾಕಿಮ್ಯುಕ್ ಅವರಂಥ ವಲಸೆಗಾರರಿಗೂ ಪಾಲು ಸಿಗಲಿ.

ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ನಾಲ್ಕು ಸಾಲು ಬರೆಯಿರಿ. ಡೌನ್ಸ್‌ವ್ಯೂ ಬಗ್ಗೆ ಸಾರ್ವಜನಿಕ ಸಭೆ ಕರೆದಾಗ ಬನ್ನಿ. ಅಂಥ ಸಭೆಗಳಲ್ಲಿ ಟ್ರಾಫಿಕ್, ಪಾರ್ಕಿಂಗ್, ಕಟ್ಟಡದ ಎತ್ತರದ ಬಗ್ಗೆ ಬೇಕಾದಷ್ಟು ಜನ ಮಾತಾಡುತ್ತಾರೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ಕಂದು ಮೈಬಣ್ಣದ ಹತ್ತು ಜನ ಎದ್ದು ನಿಂತು "ಈ ಇತಿಹಾಸ ನಮ್ಮದೂ ಹೌದು" ಅಂದರೆ ಅದಕ್ಕೆ ತೂಕ ಇದೆ. ನಮ್ಮ ಕನ್ನಡ ಸಂಘಗಳು ಸಂಘದ ಹೆಸರಿನಲ್ಲೇ ಒಂದು ಪತ್ರ ಕಳಿಸಿದರೆ ಇನ್ನೂ ಒಳ್ಳೆಯದು. ಗುಜರಾತಿ, ತಮಿಳು, ಪಂಜಾಬಿ, ಪೋಲಿಷ್ ಸಂಘಗಳನ್ನೂ ಜೊತೆಗೆ ಸೇರಿಸಿಕೊಳ್ಳೋಣ.

ಇನ್ನೊಂದು ಮಾತು. ಡೌನ್ಸ್‌ವ್ಯೂ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಭಾರತೀಯರು ನಮ್ಮ ನಡುವೆ ಇದ್ದಾರೆ. ನಿಮಗೆ ಪರಿಚಯದವರು ಯಾರಾದರೂ ಇದ್ದರೆ ಅವರನ್ನು ಕೂರಿಸಿಕೊಂಡು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ವಿಭಾಗ, ಯಾವ ಪಾಳಿ, ಕೈಯಲ್ಲಿ ಯಾವ ಉಪಕರಣ, ಪಕ್ಕದ ಬೆಂಚಿನಲ್ಲಿ ಯಾರು, ಎಲ್ಲ ಕೇಳಿ. ಹಳೆ ಗುರುತಿನ ಚೀಟಿ, ಫೋಟೋ, ಕಂಪನಿ ಪತ್ರಿಕೆ ಇದ್ದರೆ ಸುಮ್ನೆ ಕಸಕ್ಕೆ ಹಾಕಬೇಡಿ. ಸಂಗ್ರಹಾಲಯ ಬರುವ ತನಕ ಅವನ್ನು ಒಂದು ಕಡೆ ಜೋಪಾನವಾಗಿ ಇಡುವ ಹೊಣೆಯನ್ನು ನಮ್ಮ ಸಂಘಗಳೇ ಹೊರಲಿ. ಸಭೆಯ ದಿನ ಬರೆಯುವುದಕ್ಕೆ, ಇಂಗ್ಲಿಷಿನಲ್ಲಿ ಪತ್ರ ತಯಾರಿಸುವುದಕ್ಕೆ ನನ್ನ ಕೈಲಾದದ್ದನ್ನು ನಾನು ಖಂಡಿತ ಮಾಡುತ್ತೇನೆ.

ನಿಮ್ಮ ವಿಶ್ವಾಸಿ,
ಡೌನ್ಸ್‌ವ್ಯೂ ನೆರೆಹೊರೆಯ ಒಬ್ಬ ಕನ್ನಡಿಗ